ಪೊಟರೆಯೊಳಗಿನ ದನಿ



ನಾನು ಕೆಲಸ ಮಾಡುತ್ತಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂದು ಕೋಣೆಯ ಬಾಗಿಲ ಮೇಲೆ ‘ರಂಗಮಂದಿರ’ ಎಂದು ನೀಲಿ ಬಣ್ಣದಲ್ಲಿ ಬರೆದಿತ್ತು. ಒಳಗೆ ಬಿಸಿಯೂಟದ ಅಕ್ಕಿ ಮೂಟೆಗಳು, ಕಾಲು ಮುರಿದ ಬೆಂಚುಗಳು, ಯಾವುದೋ ವರ್ಷದ ಉತ್ತರಪತ್ರಿಕೆಯ ಕಟ್ಟುಗಳು, ಚುನಾವಣೆ ನಡೆಸಲು ಬಂದವರು ಬಿಟ್ಟುಹೋದ ರಟ್ಟಿನ ಡಬ್ಬಗಳು. ಕೋಣೆಯ ಒಂದು ತುದಿಗೆ ಎರಡಡಿ ಎತ್ತರದ ಸಿಮೆಂಟಿನ ಜಗುಲಿ. ಅದೇ ರಂಗ. ನಾನು ಆ ಶಾಲೆಗೆ ಕನ್ನಡ ಮೇಷ್ಟರಾಗಿ ಹೋದ ಮೇಲೆ ಹನ್ನೊಂದು ವರ್ಷ ಆ ಜಗುಲಿಯ ಮೇಲೆ ಇಲಿಗಳಲ್ಲದೆ ಬೇರೆ ಯಾರೂ ಕುಣಿದದ್ದನ್ನು ನಾನು ಕಂಡಿಲ್ಲ.

ಹಾಗಂತ ಅದು ನಾಟಕದ ಗಂಧವಿಲ್ಲದ ಊರಲ್ಲ. ತಿಪಟೂರು, ಅರಸೀಕೆರೆ ಕಡೆಯ ಊರುಗಳನ್ನು ಬಲ್ಲವರಿಗೆ ಗೊತ್ತು, ತೆಂಗಿನಕಾಯಿ ದುಡ್ಡು ಕೈಗೆ ಬಂದ ಬೇಸಗೆಯಲ್ಲಿ ಅಲ್ಲಿ ‘ಕುರುಕ್ಷೇತ್ರ’ ಆಡದ ಊರಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ತಾಲೀಮು ನಡೆಸುತ್ತಾರೆ. ಡ್ರಾಮಾ ಸೀನರಿ ಬಾಡಿಗೆಗೆ ಬರುತ್ತದೆ. ಪಾತ್ರ ಮಾಡುವವರೇ ದುಡ್ಡು ಕಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ವಿದುರನಿಗೆ ಕಡಿಮೆ. ದ್ರೌಪದಿ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಹೀಗಾಗಿ ನಮ್ಮ ಮಕ್ಕಳ ತಲೆಯಲ್ಲಿ ನಾಟಕವೆಂದರೆ ಒಂದು ಖಚಿತವಾದ ಚಿತ್ರವಿತ್ತು: ಕಿರೀಟ, ಕಂದಪದ್ಯ, ಕೈಯಲ್ಲಿ ಗದೆ, ದುಡ್ಡಿದ್ದವನ ಪಾತ್ರ. ಹೆಣ್ಣುಮಕ್ಕಳ ಪಾಲಿಗೆ ನಾಟಕವೆಂದರೆ ಅಜ್ಜಿಯ ಜೊತೆ ಚಾಪೆ ಹಾಸಿಕೊಂಡು ಕೂತು ನೋಡುವಂಥದು, ಅಷ್ಟೇ.

ಆ ಚಿತ್ರವನ್ನು ನಾನೂ ಶಾಲೆಯೊಳಗೆ ಬೆಳೆಸಿದೆ ಎಂದು ಒಪ್ಪಿಕೊಳ್ಳಬೇಕು. ಶಾಲಾ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸುವುದು ಎಲ್ಲ ಕಡೆಯ ಹಾಗೆ ನಮ್ಮಲ್ಲೂ ಕನ್ನಡ ಮೇಷ್ಟ್ರ ತಲೆಗೇ ಬರುತ್ತಿತ್ತು. ಶಾಲೆಯ ಮುಂದಿನ ಬಯಲಲ್ಲಿ ಶಾಮಿಯಾನ, ಒಂದೇ ಒಂದು ನಿಲ್ಲಿಸಿದ ಮೈಕು. ಮಾತು ಬಂದವನು ಮೈಕಿನ ಹತ್ತಿರ ನಡೆದು ಬಂದು, ಮಾತು ಒಪ್ಪಿಸಿ, ಪಕ್ಕಕ್ಕೆ ಸರಿದು, ಮುಂದಿನವನಿಗೆ ಜಾಗ ಬಿಡಬೇಕು. ನ್ಯಾಯಬೆಲೆ ಅಂಗಡಿಯ ಸಾಲಿನ ಹಾಗೆ ರಾಜ, ಮಂತ್ರಿ, ಸೇನಾಪತಿ ಒಬ್ಬರ ಹಿಂದೊಬ್ಬರು ನಿಂತಿರುತ್ತಿದ್ದರು. ರಾಜನ ಪಾತ್ರಕ್ಕೆ ನಾನು ಆರಿಸುತ್ತಿದ್ದದ್ದು ಬಾಯಿಪಾಠ ಚೆನ್ನಾಗಿದ್ದ ಹುಡುಗನನ್ನು. ನಿಜ ಹೇಳಬೇಕೆಂದರೆ, ಮೇಕಪ್ಪಿನ ಖರ್ಚು ಯಾರ ಮನೆಯವರು ಕೊಡುತ್ತಾರೋ ಅವರ ಹುಡುಗನನ್ನು. ಕೊನೆಯ ಬೆಂಚಿನವರಿಗೆ ಪರದೆ ಎಳೆಯುವ ಕೆಲಸ.

ಇನ್ನು ಹೊರಗಿನಿಂದ ರಂಗತಂಡದವರು ಬಂದದ್ದೂ ಉಂಟು. ಒಂದು ವರ್ಷ ಪರಿಸರದ ಬಗ್ಗೆ, ಇನ್ನೊಂದು ವರ್ಷ ಶೌಚಾಲಯದ ಬಗ್ಗೆ. ವ್ಯಾನಿನಲ್ಲಿ ಬಂದರು, ಬ್ಯಾನರ್ ಕಟ್ಟಿದರು, ಮುಕ್ಕಾಲು ಗಂಟೆ ತಮಟೆ ಬಾರಿಸಿ ಹಾಡಿದರು, ಹೆಡ್‌ಮಾಸ್ತರ ಸಹಿ ಮತ್ತು ಸೀಲು ಹಾಕಿಸಿಕೊಂಡು, ಮಕ್ಕಳ ಜೊತೆ ಒಂದು ಫೋಟೊ ತೆಗೆಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಮುಂದಿನ ಊರಿಗೆ ಹೊರಟರು. ಮಕ್ಕಳು ಖುಷಿಪಟ್ಟರು, ಸುಳ್ಳಲ್ಲ. ಗಣಿತದ ಪೀರಿಯಡ್ ತಪ್ಪಿತಲ್ಲ!

ಆಮೇಲೆ ಒಂದು ಜೂನ್ ತಿಂಗಳಲ್ಲಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ಶಾಲೆಗೆ ಬಂದ. ರಂಗಶಿಕ್ಷಣದ ಡಿಪ್ಲೊಮಾ ಮುಗಿಸಿ, ಊರಿನ ಕಡೆಯ ಒಂದು ರಂಗತಂಡ ಸೇರಿಕೊಂಡಿದ್ದವನು. ತಂಡಕ್ಕೆ ಯಾವುದೋ ಸಹಾಯಧನ ಬಂದಿತ್ತು. ಒಂದು ವರ್ಷ, ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಪೀರಿಯಡ್ ಕೊಟ್ಟರೆ ಸಾಕು ಎಂದ. ಯಾವ ನಾಟಕ ಮಾಡಿಸ್ತೀರಿ ಎಂದು ಹೆಡ್‌ಮಾಸ್ತರು ಕೇಳಿದರು. “ನಾಟಕ ಮಾಡಿಸೋಕೆ ಬಂದಿಲ್ಲ ಸಾರ್, ಪಾಠ ಮಾಡಿಸೋಕೆ ಬಂದಿದೀನಿ,” ಎಂದ. ಹೆಡ್‌ಮಾಸ್ತರು ನನ್ನ ಮುಖ ನೋಡಿದರು. ಮೂಟೆಗಳನ್ನು ಎಲ್ಲಿಗೆ ಸಾಗಿಸುವುದು ಎಂಬುದು ಅವರ ಚಿಂತೆ.

ಆಗ ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ‘ವೃಕ್ಷಸಾಕ್ಷಿ’ ಎಂಬ ಪಾಠವಿತ್ತು. ಹನ್ನೊಂದನೇ ಶತಮಾನದ ದುರ್ಗಸಿಂಹನ ಪಂಚತಂತ್ರದಿಂದ ಆರಿಸಿದ್ದು. ಕಥೆ ನಿಮಗೆ ನೆನಪಿರಬಹುದು. ಧರ್ಮಬುದ್ಧಿ ಮತ್ತು ದುಷ್ಟಬುದ್ಧಿ ಎಂಬ ಇಬ್ಬರು ವ್ಯಾಪಾರಿಗಳು ಸಂಪಾದಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಕದ್ದು, ಧರ್ಮಬುದ್ಧಿಯೇ ಕದ್ದನೆಂದು ದೂರು ಕೊಡುತ್ತಾನೆ. ಸಾಕ್ಷಿ ಯಾರು ಎಂದರೆ, ಆ ಮರವೇ ಸಾಕ್ಷಿ ಎನ್ನುತ್ತಾನೆ. ರಾತ್ರಿ ತನ್ನ ಮುದಿ ತಂದೆಯನ್ನು ಒಪ್ಪಿಸಿ ಮರದ ಪೊಟರೆಯೊಳಗೆ ಕೂರಿಸುತ್ತಾನೆ. ಬೆಳಗ್ಗೆ ಮರ ಮಾತಾಡುತ್ತದೆ. ಧರ್ಮಬುದ್ಧಿಗೆ ಅನುಮಾನ ಬಂದು ಪೊಟರೆಗೆ ಹೊಗೆ ಹಾಕಿಸುತ್ತಾನೆ. ಒಳಗಿನಿಂದ ಮುದುಕ ಉರುಳಿ ಬೀಳುತ್ತಾನೆ.

ಹಳಗನ್ನಡ ಗದ್ಯ. ಮಕ್ಕಳಿಗೆ ಅದೆಂದರೆ ಹರಳೆಣ್ಣೆ. ನಾನು ವರ್ಷ ವರ್ಷ ಮಾಡುತ್ತಿದ್ದದ್ದು ಇಷ್ಟೇ: ಒಂದೊಂದು ವಾಕ್ಯ ಓದುವುದು, ಹೊಸಗನ್ನಡದಲ್ಲಿ ಹೇಳುವುದು, ಗೆರೆ ಹಾಕಿಸುವುದು, ‘ಸಂದರ್ಭ ಸಹಿತ ಸ್ವಾರಸ್ಯ’ ಬರೆಸುವುದು. ಸ್ವಾರಸ್ಯವನ್ನು ನಾನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಅವರು ನಕಲು ಮಾಡಿಕೊಳ್ಳುತ್ತಿದ್ದರು.

ಈ ಹುಡುಗ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋದ. ಎರಡು ಸಾಲಾಗಿ ನೂರಡಿ ದೂರದಲ್ಲಿ ನಿಲ್ಲಿಸಿ, ಈ ಸಾಲಿನವರು ಒಂದು ವಾಕ್ಯ ಕೂಗಬೇಕು, ಆ ಸಾಲಿನವರಿಗೆ ಅದು ಕೇಳಿಸಿ ಅವರು ತಿರುಗಿ ಕೂಗಬೇಕು ಎಂದ. ಅರ್ಥದ ಸುದ್ದಿಯೇ ಇಲ್ಲ. ಒಂದು ವಾರ ಬರೀ ಕೂಗಾಟ. ಪಕ್ಕದ ಕ್ಲಾಸಿನ ವಿಜ್ಞಾನದ ಮೇಡಂ ನನ್ನ ಹತ್ತಿರ ಬಂದು, “ಏನು ಸಾರ್ ಇದು, ಸಂತೆ,” ಎಂದರು. ನಾನೂ ಒಳಗೊಳಗೆ ಸಿಡಿಮಿಡಿಗೊಂಡಿದ್ದೆ. ಎರಡನೇ ವಾರ ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಒಬ್ಬ ಹುಡುಗ ಇನ್ನೊಬ್ಬನ ತಟ್ಟೆ ಕಸಿದುಕೊಂಡು ಹಳಗನ್ನಡದಲ್ಲಿ ಬೈದದ್ದು ಕೇಳಿಸಿತು. ಪಾಠದ ವಾಕ್ಯವೇ, ಆದರೆ ಜಾಗಕ್ಕೆ ಸರಿಯಾಗಿ ಹೊಂದಿತ್ತು. ಮೂವತ್ತು ವರ್ಷ ಪಾಠ ಮಾಡಿದ ನನ್ನ ಒಬ್ಬ ವಿದ್ಯಾರ್ಥಿಯೂ ಹಳಗನ್ನಡದಲ್ಲಿ ಬೈದಿರಲಿಲ್ಲ.

ಮೂರನೇ ವಾರ ಪಾತ್ರಗಳು. ಅಕ್ಕಿ ಮೂಟೆಗಳು ಅಷ್ಟರಲ್ಲಿ ಅಡುಗೆ ಕೋಣೆಯ ಪಕ್ಕಕ್ಕೆ ಹೋಗಿದ್ದವು. ಧರ್ಮಬುದ್ಧಿಗೆ ಹತ್ತು ಕೈ ಎದ್ದವು, ದುಷ್ಟಬುದ್ಧಿಗೆ ಇಪ್ಪತ್ತು. ಪೊಟರೆಯೊಳಗೆ ಕೂರುವ ಅಪ್ಪನ ಪಾತ್ರಕ್ಕೆ ಯಾರೂ ಇಲ್ಲ. ಎರಡು ಬೆಂಚು ನಿಲ್ಲಿಸಿ, ಮೇಲೆ ಗೋಣಿತಾಟು, ಸುತ್ತ ತೆಂಗಿನ ಗರಿ. ಆ ಕತ್ತಲ ಗೂಡೊಳಗೆ ಕೂತು, ಮುಖ ತೋರಿಸದೆ, ಬರೀ ಮಾತಾಡುವ ಪಾತ್ರ ಯಾರಿಗೆ ಬೇಕು? ಕೊನೆಗೆ ಒಬ್ಬಳು ಹುಡುಗಿ ಎದ್ದಳು. ವರ್ಷದಲ್ಲಿ ‘ಹಾಜರ್ ಸಾರ್’ ಬಿಟ್ಟು ಎರಡನೇ ಮಾತು ಆಡಿದ್ದನ್ನು ನಾನು ಕೇಳಿರದ ಹುಡುಗಿ. ಅಪ್ಪನ ಪಾತ್ರಕ್ಕೆ ಹುಡುಗಿಯೇ ಎಂದು ಗಂಡುಹುಡುಗರು ನಕ್ಕರು. “ಮುಖ ಕಾಣಲ್ವಲ್ಲ ಸಾರ್, ಅದಕ್ಕೆ,” ಎಂದಳು.

ನಾಟಕದ ಹುಡುಗ ಅವಳನ್ನು ಗೂಡೊಳಗೆ ಕೂರಿಸಿ, ಮಾತು ಕೊಡುವ ಮೊದಲು ಒಂದು ಪ್ರಶ್ನೆ ಕೇಳಿದ. “ರಾತ್ರಿಯೆಲ್ಲಾ ಒಳಗೆ ಕೂತಿದೀಯ. ಬೆಳಗ್ಗೆ ಸುಳ್ಳು ಹೇಳಬೇಕು. ಮಗನಿಗೋಸ್ಕರ. ಏನನ್ನಿಸ್ತಿದೆ?” ಸ್ವಲ್ಪ ಹೊತ್ತು ಒಳಗಿನಿಂದ ಏನೂ ಇಲ್ಲ. ಆಮೇಲೆ ಅವಳ ದನಿ ಬಂತು. ಬಸ್ಸಿನಲ್ಲಿ ಹೋಗುವಾಗ ಅರ್ಧ ಟಿಕೆಟ್‌ಗಾಗಿ, ಹನ್ನೆರಡು ತುಂಬಿ ಎರಡು ವರ್ಷವಾಗಿದ್ದರೂ, ಕಂಡಕ್ಟರ್ ಕೇಳಿದರೆ ಹನ್ನೊಂದು ಅನ್ನು ಎಂದು ಅವಳ ಅಪ್ಪ ಹೇಳಿಕೊಟ್ಟಿದ್ದನಂತೆ. ಅವಳು ಹೇಳಿದಳು. ಕಂಡಕ್ಟರ್ ನಂಬಲಿಲ್ಲ. ಬಸ್ಸೆಲ್ಲ ನೋಡುತ್ತಿತ್ತು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಕ್ಲಾಸು ಮೊದಲು ನಕ್ಕಿತು. ಆಮೇಲೆ ಒಬ್ಬೊಬ್ಬರದೇ ಹೊರಗೆ ಬಂತು: ಸಾಲ ಕೇಳಲು ಬಂದವರಿಗೆ ಅಪ್ಪ ಮನೇಲಿಲ್ಲ ಎಂದದ್ದು, ಅಂಕಪಟ್ಟಿಗೆ ತಾನೇ ಸಹಿ ಹಾಕಿದ್ದು. ದುರ್ಗಸಿಂಹನ ಕಥೆಯಲ್ಲಿ ಮಗ ಅಪ್ಪನಿಂದ ಸುಳ್ಳು ಹೇಳಿಸುತ್ತಾನೆ. ನಮ್ಮ ಕ್ಲಾಸಿನಲ್ಲಿ ಅದು ಬೋರಲು ಬಿದ್ದಿತ್ತು. ಆ ದಿನ ನಾನು ಬೋರ್ಡಿನ ಮೇಲೆ ಸ್ವಾರಸ್ಯ ಬರೆಯಲಿಲ್ಲ.

ಇಂಥ ಕೆಲಸಕ್ಕೆ ಒಂದು ಹಳೆಯ ವಂಶಾವಳಿ ಇದೆ. ಅದನ್ನು ನಾನು ತಿಳಿದುಕೊಂಡದ್ದು ಆಮೇಲೆ, ಆ ಹುಡುಗ ಕೊಟ್ಟ ಪುಸ್ತಕಗಳಿಂದ. ಇಂಗ್ಲೆಂಡಿನ ನಡುಭಾಗದಲ್ಲಿ ಕೊವೆಂಟ್ರಿ ಎಂಬ ಕಾರ್ಖಾನೆಗಳ ಊರಿದೆ. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಹಾಕಿ ಅದರ ನಡುಪೇಟೆಯನ್ನು ನೆಲಸಮ ಮಾಡಿದವು. ಯುದ್ಧ ಮುಗಿದ ಮೇಲೆ ಊರನ್ನು ಮತ್ತೆ ಕಟ್ಟುವಾಗ ನಗರಸಭೆಯವರು ಒಂದು ನಾಟಕಶಾಲೆಯನ್ನೂ ಕಟ್ಟಿದರು. ಆಗಿನ ಯುಗೋಸ್ಲಾವಿಯಾದ ರಾಜಧಾನಿ ಬೆಲ್‌ಗ್ರೇಡ್ ಅದಕ್ಕೆ ಮರವನ್ನು ಉಡುಗೊರೆಯಾಗಿ ಕಳಿಸಿತೆಂದು ಅದಕ್ಕೆ ‘ಬೆಲ್‌ಗ್ರೇಡ್ ಥಿಯೇಟರ್’ ಎಂದೇ ಹೆಸರು. 1958ರಲ್ಲಿ ಅದು ತೆರೆಯಿತು. 1965ರಲ್ಲಿ ಆ ಥಿಯೇಟರಿನವರು ನಗರಸಭೆಯ ದುಡ್ಡಿನಿಂದ ಒಂದು ಸಣ್ಣ ತಂಡ ಕಟ್ಟಿ ಊರಿನ ಶಾಲೆಗಳಿಗೆ ಕಳಿಸಿದರು. ತಂಡದವರನ್ನು ನಟರು ಎನ್ನಲಿಲ್ಲ, ಶಿಕ್ಷಕರು ಎನ್ನಲಿಲ್ಲ, ‘ನಟ-ಶಿಕ್ಷಕರು’ ಎಂದು ಕರೆದರು. ಶಾಲೆಯಿಂದ ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಐನೂರು ಮಕ್ಕಳನ್ನು ಒಟ್ಟಿಗೆ ಕೂರಿಸಿ ಪ್ರದರ್ಶನ ಕೊಡುವುದಲ್ಲ. ಒಂದೋ ಎರಡೋ ತರಗತಿ, ಮೊದಲು ಮೇಷ್ಟ್ರ ಜೊತೆ ಮಾತುಕತೆ, ನಡುವೆ ನಾಟಕ, ಆಮೇಲೆ ಮಕ್ಕಳ ಜೊತೆ ಕೆಲಸ.

ಪ್ರೌಢಶಾಲೆಯ ವಯಸ್ಸಿನವರಿಗಾಗಿ 1975ರಲ್ಲಿ ಅವರು ಮಾಡಿದ ಒಂದು ನಾಟಕದ ಹೆಸರು ‘ಎಗ್ಸಾಂಪಲ್’, ಅಂದರೆ ನಿದರ್ಶನ. ಅದು ನಡೆದ ಘಟನೆ. 1952ರ ನವೆಂಬರಿನಲ್ಲಿ ಲಂಡನ್ನಿನ ಹತ್ತಿರದ ಕ್ರಾಯ್‌ಡನ್‌ನಲ್ಲಿ ಇಬ್ಬರು ಹುಡುಗರು ಒಂದು ಗೋದಾಮಿಗೆ ಕನ್ನ ಹಾಕಲು ಮಾಳಿಗೆ ಹತ್ತಿದರು. ಪೊಲೀಸರು ಬಂದರು. ಹದಿನಾರರ ಕ್ರಿಸ್ಟೊಫರ್ ಕ್ರೇಗ್ ಕೈಯಲ್ಲಿ ಪಿಸ್ತೂಲಿತ್ತು. ಹತ್ತೊಂಬತ್ತರ ಡೆರೆಕ್ ಬೆಂಟ್ಲಿ, ಕಲಿಯುವುದರಲ್ಲಿ ಹಿಂದುಳಿದಿದ್ದವನು, ಅಷ್ಟರಲ್ಲೇ ಪೊಲೀಸರ ಕೈಗೆ ಸಿಕ್ಕಿದ್ದ. ಅವನು ಗೆಳೆಯನಿಗೆ “ಕೊಡು ಅವನಿಗೆ” ಎಂಬರ್ಥದ ಮಾತು ಹೇಳಿದನೆಂದು ಪೊಲೀಸರ ಸಾಕ್ಷ್ಯ. ನಮ್ಮ ಕನ್ನಡದಲ್ಲೂ ಆ ಮಾತಿಗೆ ಎರಡು ಅರ್ಥ, ನೋಡಿ: ಪಿಸ್ತೂಲು ಅವನ ಕೈಗೆ ಕೊಟ್ಟುಬಿಡು ಎಂದೂ ಆಗಬಹುದು, ಹಾಕು ಒಂದು ಎಂದೂ ಆಗಬಹುದು. ಕ್ರೇಗ್ ಹಾರಿಸಿದ ಗುಂಡಿಗೆ ಒಬ್ಬ ಪೊಲೀಸಿನವನು ಸತ್ತ. ಗುಂಡು ಹಾರಿಸಿದವನಿಗೆ ವಯಸ್ಸು ಸಾಲದೆಂದು ನೇಣು ತಪ್ಪಿತು. ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಸುಮಾರು ನಲವತ್ತೈದು ವರ್ಷದ ಮೇಲೆ, 1998ರಲ್ಲಿ, ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ರದ್ದುಮಾಡಿತು. ಆ ನಾಟಕ ಶಾಲೆಗಳಿಗೆ ಹೋದದ್ದು ಈ ತೀರ್ಪು ಬರುವುದಕ್ಕೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು ಎಂಬುದನ್ನು ಗಮನಿಸಿ. ಮುಂದೆ ದೊಡ್ಡವರ ಕೋರ್ಟಿನಲ್ಲಿ ಕೇಳಬೇಕಾಗಿ ಬಂದ ಪ್ರಶ್ನೆಯನ್ನು ಅದು ಹದಿನೈದರ ಮಕ್ಕಳ ಮುಂದೆ ಮೊದಲೇ ಇಟ್ಟಿತ್ತು.

ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ಆಲದ ಮರ. ಅಲ್ಲೂ ಸಾಕ್ಷಿಯ ಪ್ರಶ್ನೆ, ಇಲ್ಲೂ ಸಾಕ್ಷಿಯ ಪ್ರಶ್ನೆ.

ಕೊವೆಂಟ್ರಿಯ ಮಾದರಿ ಬ್ರಿಟನ್ನಿನ ಬೇರೆ ಊರುಗಳಿಗೂ ಹಬ್ಬಿತು. ಅದು ಮುಗಿದುಹೋದ ಬಗೆಯನ್ನೂ ಹೇಳಬೇಕು, ಯಾಕೆಂದರೆ ಅದರಲ್ಲಿ ನಮಗೆ ಪಾಠವಿದೆ. 1988ರಲ್ಲಿ ಅಲ್ಲಿ ಹೊಸ ಶಿಕ್ಷಣ ಕಾಯ್ದೆ ಬಂತು. ಸ್ಥಳೀಯ ಆಡಳಿತದ ಕೈಯಲ್ಲಿದ್ದ ದುಡ್ಡು ಬಹುಪಾಲು ನೇರ ಶಾಲೆಗಳಿಗೇ ಹೋಗತೊಡಗಿತು. ಕೇಳಲು ಒಳ್ಳೆಯದೇ. ಆದರೆ ಒಂದೊಂದು ಶಾಲೆಯೂ ಬಿಡಿಬಿಡಿಯಾಗಿ ಪುಸ್ತಕಕ್ಕೆ, ಛಾವಣಿಗೆ, ಪರೀಕ್ಷೆಗೆ ಲೆಕ್ಕ ಹಾಕಿದಾಗ ನಾಟಕಕ್ಕೆ ಕಾಸು ಉಳಿಯಲಿಲ್ಲ. ಊರಿಗೆಲ್ಲ ಸೇರಿ ಒಬ್ಬರು ಕೊಡುತ್ತಿದ್ದದ್ದು ನಿಂತಿತು. 1990ರ ದಶಕದಲ್ಲಿ ತಂಡಗಳು ಒಂದೊಂದಾಗಿ ಮುಚ್ಚಿದವು, ಕೊವೆಂಟ್ರಿಯದೂ ಸೇರಿ. ಇಂಥ ಕೆಲಸವನ್ನು ಶಾಲೆಯ ಚಿಲ್ಲರೆ ಖರ್ಚಿನಲ್ಲಿ ನಡೆಸಲು ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮ ದೇಶದಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1989ರಲ್ಲಿ ಶಾಲಾಮಕ್ಕಳಿಗಾಗಿ ಇಂಥದೇ ಒಂದು ತಂಡ ಕಟ್ಟಿತು. ಅದೇ ವರ್ಷ ಮೈಸೂರಿನಲ್ಲಿ ಬಿ.ವಿ. ಕಾರಂತರ ಮುಂದಾಳ್ತನದಲ್ಲಿ ರಂಗಾಯಣ ಹುಟ್ಟಿತು. ಅಲ್ಲಿಯ ಚಿಣ್ಣರ ಮೇಳದ ಸಡಗರವನ್ನು ಮೈಸೂರಿನ ಶ್ರೋತೃಗಳಿಗೆ ನಾನು ಹೇಳಬೇಕಿಲ್ಲ. ಅದು ಬೇಸಗೆ ರಜೆಯ ಶಿಬಿರ. ಅಪ್ಪ ಅಮ್ಮ ಅರ್ಜಿ ಹಾಕಿ ಕರೆದುಕೊಂಡು ಹೋಗುವ ಮಕ್ಕಳಿಗೆ ಅದು ಸ್ವರ್ಗ. ರಜೆಯಲ್ಲಿ ಕೊಬ್ಬರಿ ಒಡೆಯಲು ಹೋಗುವ ನನ್ನ ಶಾಲೆಯ ಮಕ್ಕಳಿಗೆ ಸ್ವರ್ಗ ಸ್ವಲ್ಪ ದೂರ. ಹಳಿಯಲು ಹೇಳುತ್ತಿಲ್ಲ. ಶಿಬಿರಕ್ಕೂ ಶಾಲೆಯ ಒಳಗಿನ ಕೆಲಸಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಹೆಗ್ಗೋಡಿನ ನೀನಾಸಂ ದಾರಿ ಬೇರೆ. 1949ರಲ್ಲಿ ಒಂದು ಹಳ್ಳಿಯ ನಾಟಕ ಸಂಘವಾಗಿ ಶುರುವಾದದ್ದು ಕೆ.ವಿ. ಸುಬ್ಬಣ್ಣನವರ ಕೈಯಲ್ಲಿ 1980ರ ಹೊತ್ತಿಗೆ ರಂಗಶಿಕ್ಷಣ ಕೇಂದ್ರವಾಯಿತು, 1985ರಲ್ಲಿ ತಿರುಗಾಟ ಹೊರಟಿತು. ಅಲ್ಲಿ ಕಲಿತ ಎಷ್ಟೋ ಮಂದಿ ತಮ್ಮ ತಮ್ಮ ಊರಿಗೆ ಹೋಗಿ ಮಕ್ಕಳ ಜೊತೆ ಕೆಲಸಕ್ಕೆ ಕೂತರು. ಸಾಣೇಹಳ್ಳಿಯ ರಂಗಶಾಲೆಯಲ್ಲೂ ಹಾಗೇ. ನಮ್ಮ ಸರ್ಕಾರ ಕೆಲವು ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರನ್ನೇ ನೇಮಿಸಿತು. ಗಣಿತಕ್ಕೊಬ್ಬರು, ವಿಜ್ಞಾನಕ್ಕೊಬ್ಬರು ಇದ್ದ ಹಾಗೆ ನಾಟಕಕ್ಕೊಬ್ಬರು, ಹಾಜರಿ ಪುಸ್ತಕದಲ್ಲಿ ಹೆಸರಿರುವವರು. ಬಹಳ ದೊಡ್ಡ ಹೆಜ್ಜೆ, ಆದರೆ ನಾಡಿನಲ್ಲಿರುವ ಪ್ರೌಢಶಾಲೆಗಳ ಸಂಖ್ಯೆಯ ಮುಂದೆ ಅವರು ಪಾಯಸದಲ್ಲಿ ಕೈಗೆ ಸಿಕ್ಕುವ ದ್ರಾಕ್ಷಿಯಷ್ಟು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆ 2009ರಿಂದ ‘ಕಲಿ-ಕಲಿಸು’ ಎಂಬ ಯೋಜನೆಯಡಿ ಸರ್ಕಾರಿ ಶಾಲೆಯ ಶಿಕ್ಷಕರಿಗೂ ಕಲಾವಿದರಿಗೂ ನೆರವು ಕೊಡುತ್ತಾ ಬಂದಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಹೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಅಂಕಪಟ್ಟಿಯಲ್ಲಿ ಇಂಥವಕ್ಕೆಂದೇ ‘ಭಾಗ-ಬಿ’ ಎಂಬ ಕೋಷ್ಟಕವೂ ಇದೆ. ಮೇಷ್ಟ್ರುಗಳು ಮಾರ್ಚಿನಲ್ಲಿ ಸಾಲಾಗಿ ಕೂತು ಅದರೊಳಗೆ ‘ಎ’ ತುಂಬುವುದನ್ನು ನಾನು ನೋಡಿದ್ದೇನೆ, ತುಂಬಿಯೂ ಇದ್ದೇನೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ರಂಗಭೂಮಿಯ ಗೆಳೆಯರಿಗೆ ಬೇಸರವಾದರೂ ಸರಿ. ರಂಗತಂಡ ಶಾಲೆಗೆ ಹೋಗುವುದೆಂದರೆ ಏನೋ ಉಪಕಾರ ಮಾಡಲು ಹೋಗುವುದೆಂಬ ಧೋರಣೆ ಇದೆ. ಕಲೆಯನ್ನು ಹಳ್ಳಿಗೆ ಒಯ್ಯುತ್ತೇವೆ, ಮಕ್ಕಳ ವ್ಯಕ್ತಿತ್ವ ಅರಳಿಸುತ್ತೇವೆ, ಹೀಗೆ. ಲೆಕ್ಕ ತಿರುಗಿಸಿ ನೋಡಿ. ದಕ್ಷಿಣ ಕನ್ನಡದ ಮಂಚಿಯ ಕಡೆಯ ಒಬ್ಬ ಹುಡುಗ ಮೂರನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಕುವೆಂಪು ಅವರ ‘ನನ್ನ ಗೋಪಾಲ’ ನಾಟಕ ಆಡಿಸಿದರು. ಅವನಿಗೂ ಪಾತ್ರ ಸಿಕ್ಕಿತು. ಆ ಹುಚ್ಚಿನಲ್ಲೇ ಮುಂದೆ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ. ಅವನೇ ಮುಂದೆ ಬಿ.ವಿ. ಕಾರಂತ. ಒಬ್ಬ ಶಾಲಾ ಮೇಷ್ಟ್ರು ಅವತ್ತು ಆ ನಾಟಕ ಮಾಡಿಸದಿದ್ದರೆ ಕನ್ನಡ ರಂಗಭೂಮಿ ಏನನ್ನು ಕಳೆದುಕೊಳ್ಳುತ್ತಿತ್ತು, ಯೋಚಿಸಿ. ಶಾಲೆಗೆ ಹೋಗುವ ರಂಗತಂಡ ದಾನ ಮಾಡಲು ಹೋಗುತ್ತಿಲ್ಲ, ಹಳೆಯ ಸಾಲ ತೀರಿಸಲು ಹೋಗುತ್ತಿದೆ. ಅದೂ ಒಂದೇ ದಿನ ವ್ಯಾನಿನಲ್ಲಿ ತಂದು ಸುರಿದರೆ ತೀರುವಂಥದಲ್ಲ. ವಾರಕ್ಕೆರಡು ಪೀರಿಯಡ್‌ನಂತೆ, ಕಂತಿನಲ್ಲಿ.

ಜೊತೆಗೆ ಹೊಸ ಸಾಲವೂ ಆಗುತ್ತದೆ. ನಮ್ಮಲ್ಲಿಗೆ ಬರುತ್ತಿದ್ದ ಹುಡುಗ ಒಮ್ಮೆ ತನ್ನ ತಂಡದವರನ್ನು ಕರೆತಂದು, ಅವರು ಸಿದ್ಧಮಾಡುತ್ತಿದ್ದ ನಾಟಕದ ಒಂದು ದೃಶ್ಯವನ್ನು ಮಕ್ಕಳ ಮುಂದೆ ಆಡಿಸಿದ. ದೊಡ್ಡ ನಟರು, ಚೆನ್ನಾಗಿಯೇ ಆಡಿದರು. ಮುಗಿದ ಮೇಲೆ ಏನಾದರೂ ಕೇಳಿ ಎಂದರೆ ಒಬ್ಬ ಎಂಟನೇ ಕ್ಲಾಸಿನವನು ಎದ್ದು, “ಸಾರ್, ಅವರು ಪಕ್ಕದಲ್ಲೇ ನಿಂತಿದಾರಲ್ಲ, ಮತ್ಯಾಕೆ ಅಷ್ಟು ಕಿರುಚ್ತೀರಾ?” ಎಂದ. ತಂಡದವರು ಆ ರಾತ್ರಿ ಆ ದೃಶ್ಯವನ್ನು ಬೇರೆ ಥರ ಕಟ್ಟಿದರಂತೆ. ಪಟ್ಟಣದ ಪ್ರೇಕ್ಷಕ ಇಂಥ ಮಾತು ಹೇಳುವುದಿಲ್ಲ. ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾನೆ.

ತೊಂದರೆಗಳು ಇರಲಿಲ್ಲವೇ? ಇದ್ದವು. ನವೆಂಬರ್ ಬಂದ ಕೂಡಲೇ ಹತ್ತನೇ ಕ್ಲಾಸಿಗೆ ಬೆಳಗ್ಗೆ ಸಂಜೆ ಸ್ಪೆಷಲ್ ಕ್ಲಾಸು. ಜಿಲ್ಲೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ರಾಜ್ಯದಲ್ಲಿ ಎಷ್ಟನೇ ಸ್ಥಾನ ಎಂಬುದು ಮೇಲಿನವರ ತಲೆಬಿಸಿ, ಅದು ಇಳಿದು ಇಳಿದು ನಮ್ಮ ಟೈಂಟೇಬಲ್ಲಿಗೆ ಬರುತ್ತದೆ. ಮೊದಲು ಹೋಗುವುದು ನಾಟಕದ ಪೀರಿಯಡ್ಡು. ಹೆಣ್ಣುಮಕ್ಕಳಿಗೆ ಐದು ಗಂಟೆಯ ಬಸ್ಸು ತಪ್ಪಿದರೆ ಏಳರ ತನಕ ಬೇರೆ ಬಸ್ಸಿಲ್ಲ, ಹಾಗಾಗಿ ಶಾಲೆ ಬಿಟ್ಟ ಮೇಲಿನ ತಾಲೀಮು ಅಂದರೆ ಗಂಡುಹುಡುಗರ ತಾಲೀಮು. ಇದನ್ನು ನಾವು ತಡವಾಗಿ ಅರ್ಥ ಮಾಡಿಕೊಂಡೆವು. ಒಬ್ಬ ತಾಯಿ ಬಂದು, “ನಮ್ಮ ಹುಡುಗೀನ ಬಣ್ಣ ಹಚ್ಚಿ ಕುಣಿಸಬ್ಯಾಡಿ ಸಾಮಿ,” ಎಂದು ಕೈಮುಗಿದಳು. ಅವಳಿಗೆ ನಾವು ಮಾಡುತ್ತಿರುವುದನ್ನು ಬಾಯಲ್ಲಿ ವಿವರಿಸಲು ಆಗಲಿಲ್ಲ. ಬನ್ನಿ, ಕೂತು ನೋಡಿ ಎಂದೆವು. ಬಂದಳು, ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಮುಂದಿನ ವಾರವೂ ಬಂದಳು.

ನಾಟಕದಿಂದ ಮಕ್ಕಳ ಅಂಕ ಹೆಚ್ಚಾಯಿತೇ ಎಂದು ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕೇಳಿದರು. ಹೆಚ್ಚಾಯಿತು ಎಂದಿದ್ದರೆ ಮುಂದಿನ ವರ್ಷಕ್ಕೆ ಅನುಕೂಲವಾಗುತ್ತಿತ್ತೇನೋ. ನಾನು ಆ ಲೆಕ್ಕ ಇಟ್ಟಿರಲಿಲ್ಲ, ಇಡ‍ಬೇಕೆಂದೂ ಅನಿಸಲಿಲ್ಲ. ಗಣಿತ ಕಲಿಸುವುದು ಕನ್ನಡದ ಅಂಕ ಹೆಚ್ಚಿಸಲಿಕ್ಕೇ ಎಂದು ಯಾರೂ ಕೇಳುವುದಿಲ್ಲ. ನಾಟಕಕ್ಕೆ ಮಾತ್ರ ಯಾಕೆ ಈ ಜಾಮೀನು? ಕಾರಂತರು ಟ್ಯಾಗೋರರ ಗಿಳಿಯ ಕಥೆಯಿಂದ ಮಾಡಿದ ‘ಪಂಜರ ಶಾಲೆ’ಯನ್ನು ನಮ್ಮ ಎಷ್ಟು ಶಾಲೆಗಳು ವಾರ್ಷಿಕೋತ್ಸವಕ್ಕೆ ಆಡಿಸಿವೆ! ಗಿಳಿಗೆ ವಿದ್ಯೆ ಕಲಿಸುತ್ತೇವೆಂದು ಗಂಟಲಿಗೆ ಪುಸ್ತಕದ ಹಾಳೆ ತುರುಕಿ ಕೊಲ್ಲುವ ಕಥೆ. ಅತಿಥಿಗಳು ನಕ್ಕು ಚಪ್ಪಾಳೆ ತಟ್ಟುತ್ತಾರೆ. ಮಾರನೆಯ ದಿನ ಬೆಳಗ್ಗೆ ಎಂಟಕ್ಕೆ ಅದೇ ಮಕ್ಕಳಿಗೆ ಸ್ಪೆಷಲ್ ಕ್ಲಾಸು.

ವರ್ಷದ ಕೊನೆಗೆ ‘ವೃಕ್ಷಸಾಕ್ಷಿ’ಯನ್ನು ಊರವರ ಮುಂದೆ ಆಡಿದೆವು. ಶಾಮಿಯಾನ ಬೇಡ, ಮೈಕು ಬೇಡ ಎಂದರು ಮಕ್ಕಳು. ಆ ಸಿಮೆಂಟು ಜಗುಲಿಯೂ ಬೇಡವೆಂದು ಶಾಲೆಯ ಹಿಂದಿನ ಹುಣಸೆ ಮರದ ಬುಡದಲ್ಲಿ ಆಡಿದರು. ಕಿರೀಟ ಇಲ್ಲದ್ದನ್ನು ಕಂಡು ಕುರುಕ್ಷೇತ್ರದ ನಮ್ಮ ಹಳೇ ದುರ್ಯೋಧನರು ಮೊದಲು ಮುಖ ಸಿಂಡರಿಸಿದರು. ಪೊಟರೆಯೊಳಗಿನಿಂದ ಆ ಹುಡುಗಿಯ ದನಿ ಬಂದಾಗ ಮಾತ್ರ ಹಿಂದೆ ಬೀಡಿ ಸೇದುತ್ತಿದ್ದವರೂ ತಿರುಗಿದರು. ಈಗ ನೀವು ರೇಡಿಯೊದಲ್ಲಿ ನನ್ನ ಮುಖ ಕಾಣದೆ ದನಿ ಮಾತ್ರ ಕೇಳುತ್ತಿದ್ದೀರಲ್ಲ, ಹಾಗೇ ಅವರೂ ಕೇಳಿದರು. ಹೊಗೆ ಹಾಕಿದ ಮೇಲೆ ಕಥೆಯ ಪ್ರಕಾರ ಮುದುಕ ಉರುಳಿ ಬೀಳಬೇಕು. ಅವಳು ಹೊರಗೆ ಬಂದು, ಬೀಳಲಿಲ್ಲ. ದುಷ್ಟಬುದ್ಧಿಯ ಪಾತ್ರದವನ ಕಡೆ ನೋಡುತ್ತಾ ಸುಮ್ಮನೆ ನಿಂತಳು. ತಾಲೀಮಿನಲ್ಲಿ ಇರದ ಸಂಗತಿ. ಅವಳ ಅಪ್ಪ ಗುಂಪಿನಲ್ಲಿದ್ದ.

ಮಾರನೆಯ ವರ್ಷ ತಂಡದ ಸಹಾಯಧನ ಮುಗಿಯಿತು. ಹುಡುಗ ಬರುವುದು ನಿಂತಿತು. ಅಕ್ಕಿ ಮೂಟೆಗಳು ಮೊದಲಿನ ಜಾಗಕ್ಕೆ ವಾಪಸು ಬಂದವು. ನಾನು ನಿವೃತ್ತನಾದೆ.

ಈ ಮಾತು ಕೇಳುತ್ತಿರುವವರಲ್ಲಿ ಹೆಡ್‌ಮಾಸ್ತರಿದ್ದರೆ, ರಂಗತಂಡದವರಿದ್ದರೆ, ಜಿಲ್ಲಾ ಪಂಚಾಯಿತಿಯ ಸದಸ್ಯರಿದ್ದರೆ, ನನ್ನದೊಂದು ಕೋರಿಕೆ. ಇಂಥ ಕೆಲಸಕ್ಕೆ ಒಂದು ಶಾಲೆಯ ಕಿಸೆ ಸಾಲದು, ತಾಲ್ಲೂಕಿಗೆಲ್ಲ ಸೇರಿಸಿ ಒಂದು ಹಣ ತೆಗೆದಿಡಿ. ತಂಡದವರು ಮೂರು ವರ್ಷಕ್ಕೆ ಒಪ್ಪದೆ ಶಾಲೆಯ ಮೆಟ್ಟಿಲು ಹತ್ತಬೇಡಿ. ಮೇಷ್ಟ್ರುಗಳೇ, ಜೂನಿನಲ್ಲಿ ಟೈಂಟೇಬಲ್ ಬರೆಯುವ ದಿನ ವಾರಕ್ಕೆ ಎರಡು ಪೀರಿಯಡ್ ಇಡಿ, ಐದು ಗಂಟೆಯ ಬಸ್ಸಿಗೆ ಮೊದಲೇ ಮುಗಿಯುವಂತೆ ಇಡಿ. ನಮ್ಮ ಶಾಲೆಯ ಆ ಕೋಣೆ ಇನ್ನೂ ಇದೆ. ಬೀಗದ ಕೈ ಹೆಡ್‌ಮಾಸ್ತರ ಮೇಜಿನ ಎಡಗಡೆಯ ಡ್ರಾಯರಿನಲ್ಲಿರುತ್ತದೆ, ಕೇಳಿದರೆ ಕೊಡುತ್ತಾರೆ.